ರಂಗನತಿಟ್ಟನ್ನು ‘ಕವರ್’ ಮಾಡುವ ಕಲೆ

ಮೈಸೂರು ಟ್ರಿಪ್ಪಿನ ಪಟ್ಟಿ ಬರೆಯುವ ಅಧಿಕಾರ ನಮ್ಮ ಮನೆಯಲ್ಲಿ ಭಾವನವರದು. ಅವರು ಯಾವ ಊರನ್ನೂ ನೋಡುವವರಲ್ಲ, ‘ಕವರ್’ ಮಾಡುವವರು. ಬೆಳಿಗ್ಗೆ ಶ್ರೀರಂಗಪಟ್ಟಣದ ರಂಗನಾಥ, ಆಮೇಲೆ ನಿಮಿಷಾಂಬ, ಗುಂಬಜ್, ದರಿಯಾ ದೌಲತ್, ಸಂಜೆಗೆ ಬೃಂದಾವನ. ನಡುವೆ ಚೂರು ಸಂದು ಉಳಿಯುತ್ತದಲ್ಲ, ಅಲ್ಲಿಗೆ ರಂಗನತಿಟ್ಟು ಪಕ್ಷಿಧಾಮವನ್ನು ತುರುಕುತ್ತಾರೆ. ಈ ವಿಷಯ ಹಕ್ಕಿಗಳಿಗೆ ಗೊತ್ತಿಲ್ಲ, ಪುಣ್ಯ.

ಆದರೆ ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಅಭಯಾರಣ್ಯವೆಂದರೆ ಇದೇ ಸರಿ. ಒಟ್ಟು ವಿಸ್ತೀರ್ಣವೇ 0.67 ಚದರ ಕಿಲೋಮೀಟರ್. ಜೀಪಿನಲ್ಲಿ ಮೂಳೆ ಸಡಿಲಿಸಿಕೊಂಡು, ಜಿಂಕೆಯ ಬಾಲ ಕಂಡದ್ದೇ ಭಾಗ್ಯವೆಂದು ವಾಪಸಾಗುವ ಗೋಳಿಲ್ಲ. ಟಿಕೆಟ್ ತಗೊಂಡು ದೋಣಿಯಲ್ಲಿ ಕೂತರೆ ಪ್ರಾಣಿಗಳೇ ಸಾಲಾಗಿ ದರ್ಶನ ಕೊಡುತ್ತವೆ, ಅದೂ ಸ್ಪೆಷಲ್ ಕ್ಯೂ ಇಲ್ಲದೆ.

ದೋಣಿ ಹೊರಟ ಕೂಡಲೇ ಭಾವನವರ ಉಪನ್ಯಾಸ ಶುರು: “ಇವೆಲ್ಲಾ ಸೈಬೀರಿಯಾದಿಂದ ಬಂದಿರೋದು ಕಣ್ರೋ!” ಇಲ್ಲಿ ಬಾಯಿ ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ. ಎದುರಿನ ಮರದ ತುಂಬ ಇದ್ದ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು ಎಲ್ಲವೂ ನಮ್ಮ ನಾಡಿನಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿಗಳು. ವಲಸೆ ಬರುವ ಹಕ್ಕಿಗಳೂ ಉಂಟು, ಇಲ್ಲವೆಂದಲ್ಲ. ಆದರೆ ಬಿಳಿಯಾಗಿ, ಎತ್ತರವಾಗಿ, ಸ್ವಲ್ಪ ಗತ್ತಿನಿಂದ ನಿಂತವರೆಲ್ಲ ಫಾರಿನ್ನಿನವರೇ ಆಗಬೇಕೆಂಬುದು ನಮ್ಮ ಹಳೇ ನಂಬಿಕೆ. ಮದುವೆ ಗಂಡಿನ ವಿಷಯದಲ್ಲೂ ಹೀಗೇ ಏಮಾರುತ್ತೇವೆ.

ಆ ಮರವೋ, ಮುಹೂರ್ತದ ಹಿಂದಿನ ರಾತ್ರಿಯ ಛತ್ರದ ಹಾಗಿತ್ತು. ಒಂದು ಕೊಂಬೆಗೆ ನಾಲ್ಕು ಸಂಸಾರ. ಕಡ್ಡಿ ತರಲು ಒಬ್ಬರು ಹೋದರೆ ಪಕ್ಕದವರು ಅದೇ ಗೂಡಿನಿಂದ ಕಡ್ಡಿ ಎಳೆಯುತ್ತಾರೆ. ದೊಡ್ಡ ಕೊಕ್ಕರೆಗಳಿಗೆ ಕೂಗಿ ಜಗಳವಾಡಲು ದನಿ ಇಲ್ಲ, ಕೊಕ್ಕನ್ನು ಟಕಟಕ ಬಡಿಯುವುದಷ್ಟೇ. ಕಿರುಚಾಟವೆಲ್ಲ ಮರಿಗಳದು. ಈ ವ್ಯವಸ್ಥೆಯನ್ನು ಮನುಷ್ಯರಿಗೂ ತರಬಹುದೇ ಎಂದು ಅಕ್ಕ ಭಾವನವರ ಮುಖ ನೋಡುತ್ತಾ ಕೇಳಿದಳು.

ಬಾಯ್ಕಳಕದ ಕೊಕ್ಕು ಮುಚ್ಚಿದರೂ ನಡುವೆ ಸಂದು. ಬಸವನಹುಳು ಹಿಡಿದು ಚಿಪ್ಪಿನಿಂದ ಬಿಡಿಸಿ ತಿನ್ನಲು ಅದು ಅನುಕೂಲವಂತೆ. ನಮ್ಮ ಪುಟ್ಟನ ಮುಂದಿನ ಹಲ್ಲು ಬಿದ್ದಿತ್ತು. ಎಲ್ಲರೂ ಹಕ್ಕಿ ಬಿಟ್ಟು ಅವನನ್ನು ನೋಡಿದರು; ಅವನು ದಡ ಬರುವವರೆಗೆ ಬಾಯಿ ತೆರೆಯಲಿಲ್ಲ.

ಬಾಯಿ ತೆರೆದದ್ದು ಮೊಸಳೆ. ಬಂಡೆಯ ಮೇಲೆ ಬಿಸಿಲು ಕಾಯುತ್ತಾ, ಬಾಯಿ ಅಗಲಿಸಿ, ಕಲ್ಲಿಗಿಂತ ಕಲ್ಲಾಗಿ ಮಲಗಿತ್ತು. “ಅಯ್ಯೋ, ನಮ್ಮನ್ನೇ ನೋಡಿ ಬಾಯಿ ಬಿಡ್ತಿದೆ, ಹಿಂದಕ್ಕೆ ಬಿಡಪ್ಪಾ!” ಅಂದರು ದೊಡ್ಡಮ್ಮ. “ಸೆಕೆಗೆ ಬಿಟ್ಟಿರೋದು ಅಮ್ಮಾ, ಮೈ ತಂಪು ಮಾಡ್ಕೊಳ್ತದೆ,” ಅಂದ ಅಂಬಿಗ, ದೋಣಿಯನ್ನು ಇನ್ನೂ ಒಂದು ಮಾರು ಹತ್ತಿರ ಒಯ್ಯುತ್ತಾ. ದೊಡ್ಡಮ್ಮ ರಾಮನಾಮಕ್ಕೆ ಶುರುವಿಟ್ಟರು. ಮೊಸಳೆ ಸೆಲ್ಫಿಗೆ ಒದಗುವಷ್ಟು ಹೊತ್ತು ಅಲ್ಲಾಡದೆ ಇದ್ದು, ನಮ್ಮ ಮನೆಯ ಎಲ್ಲ ಮಕ್ಕಳಿಗಿಂತ ಚೆನ್ನಾಗಿ ಫೋಟೋದಲ್ಲಿ ಬಂತು.

ಈ ವೈಭವಕ್ಕೆಲ್ಲ ಮೂಲ ಒಂದು ಕಟ್ಟೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ್ದು. ನೀರು ನಿಂತು ತಿಟ್ಟುಗಳಾದವು, ಹಕ್ಕಿಗಳು ಬಾಡಿಗೆ ಮಾತಾಡದೆ ಬಂದು ಕೂತವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಮೈಸೂರಿನ ಅರಸರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ ಆಯಿತು. ಇಷ್ಟನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಜನ ಪುಳಿಯೋಗರೆ ಡಬ್ಬಿಯ ಹತ್ತಿರ ಹೋಗಿಯಾಗಿತ್ತು. ಬಾವಲಿಗಳು ತೂಗಾಡುವ ಮರಗಳನ್ನು ನೋಡಲು ಉಳಿದವರು ನಾನೂ ಪುಟ್ಟನೂ ಮಾತ್ರ.

ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಪಟ್ಟಿಯಲ್ಲಿ ರಂಗನತಿಟ್ಟು ಮೊದಲು, ಗುಂಬಜ್ ಆಮೇಲೆ. ಮಳೆಗಾಲವಾದರೆ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ, ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ಬಿಡುವುದಿಲ್ಲ. ಇನ್ನು, ನಿಮ್ಮ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇದ್ದರೆ ದೋಣಿಯ ಅಂಚಿನ ಸೀಟು ಮಾತ್ರ ಕೊಡಬೇಡಿ.