ಏನೂ ಆಗಿಲ್ಲ ಅಂದ್ರೆ ಏನೋ ಆಗಿದೆ

ನಮ್ಮ ಭಾವನವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದರೂ ನಡೆದೀತು, ಟೆನ್ಷನ್ ಸಿಗಲೇಬೇಕು. ಹಾಲಿನವನು ಇನ್ನೂ ಬಂದಿಲ್ಲವೆಂಬ ಸಣ್ಣ ಆತಂಕದಿಂದ ಬಾಯಿ ಮುಕ್ಕಳಿಸಿ, ಪೇಪರಿನಲ್ಲಿ ಕಬಿನಿ ಜಲಾಶಯದ ಮಟ್ಟ ನೋಡಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ತುಂಬದಿದ್ದರೆ ಕುಡಿಯುವ ನೀರಿನ ಚಿಂತೆ. ತುಂಬಿದರೆ ನಂಜನಗೂಡು ಮುಳುಗುವ ಚಿಂತೆ.

ಹೋದ ವರ್ಷ ಬೆಂಗಳೂರಿನ ಮದುವೆಯೊಂದಕ್ಕೆ ಮೈಸೂರಿನಿಂದ ಅವರ ಜೊತೆ ಹೊರಡುವ ಯೋಗ ನನಗೆ ಬಂತು. ಅಕ್ಕ ಬುದ್ಧಿವಂತೆ, ಎರಡು ದಿನ ಮುಂಚೆಯೇ ಹೋಗಿದ್ದಳು. ಬೀಗವನ್ನು ಭಾವ ಮೂರು ಸಲ ಜಗ್ಗಿದರು, ನಾನು ಒಂದು ಸಲ ಜಗ್ಗಿದೆ, ಕೊನೆಗೆ ಆಟೋದವನೂ ಇಳಿದು ಬಂದು ಒಂದು ಕೈ ನೋಡಿದ. ರೈಲು ಹೊರಡಲು ಒಂದೂಮುಕ್ಕಾಲು ಗಂಟೆ ಇರುವಾಗಲೇ ನಾವು ಸ್ಟೇಷನ್ನಿನಲ್ಲಿದ್ದೆವು. ಗ್ರಹಚಾರ ನೋಡಿ, ಅವತ್ತು ಯಾವುದೂ ಕೆಡಲಿಲ್ಲ. ರೈಲು ಹೊತ್ತಿಗೆ ಬಂತು, ಕಿಟಕಿ ಪಕ್ಕದ ಸೀಟೇ ಸಿಕ್ಕಿತು, ಟಿಕೆಟ್ಟು ಇಟ್ಟ ಜೇಬಿನಲ್ಲೇ ಇತ್ತು. ಭಾವನ ಮುಖ ಬಾಡಿತು. ಶ್ರೀರಂಗಪಟ್ಟಣ ದಾಟುವಾಗ ಕಾಲು ಕುಣಿಸತೊಡಗಿದರು. ಪಾಂಡವಪುರದಲ್ಲಿ ಎರಡು ಸಲ ಎದ್ದು ಕೂತರು. ಮಂಡ್ಯ ಬಿಟ್ಟ ಮೇಲೆ ಇದ್ದಕ್ಕಿದ್ದಂತೆ ಆ ಮುಖ ಅರಳಿತು.

"ಮೋಟರು! ಮೋಟರ್ ಆಫ್ ಮಾಡಿದ್ನೇನಯ್ಯಾ?"

ತಮ್ಮ ಫೋನಿನ ಬ್ಯಾಟರಿ ಎಮರ್ಜೆನ್ಸಿಗೆ ಇರಲೆಂದು ನನ್ನದನ್ನು ಕಿತ್ತುಕೊಂಡರು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರನ್ನು ಪೂಜೆಯಿಂದ ಎಬ್ಬಿಸಿ ಕಾಂಪೌಂಡ್ ಹತ್ತಿಸಿದರು. ಪಾಪ, ಮೇಷ್ಟ್ರು ಏದುಸಿರು ಬಿಡುತ್ತಾ, "ಆಫ್ ಆಗಿದೆ ಸಾರ್. ಅಷ್ಟಕ್ಕೂ ಬೆಳಿಗ್ಗೆಯಿಂದ ಕರೆಂಟೇ ಇಲ್ಲ" ಅಂದರು.

"ಕರೆಂಟೇ ಇಲ್ಲದ ಮೇಲೆ ಆಫ್ ಆಗಿದೆ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?"

ಈ ತರ್ಕಕ್ಕೆ ಮೇಷ್ಟ್ರು ಉತ್ತರ ಹುಡುಕುತ್ತಿರುವಾಗ ಮದ್ದೂರು ಬಂತು, ವಡೆಯವನು ನಮ್ಮ ಬೋಗಿ ದಾಟಿ ಹೋದ. ಆ ವಡೆಯ ದುಃಖ ನನಗಿನ್ನೂ ಆರಿಲ್ಲ. ಭಾವ ಮಾತ್ರ ರಾಮನಗರದವರೆಗೆ ಗೆಲುವಾಗಿದ್ದರು.

ಈ ಟೆನ್ಷನ್ ಬರೀ ಚಟವಲ್ಲ, ಮೈಯೊಳಗೇ ಇದಕ್ಕೊಂದು ಅಡುಗೆಮನೆ ಇದೆಯಂತೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಗ್ರಂಥಿಗಳು ಕೂತಿವೆ. ಹುಲಿ ಎದುರಾದರೆ ಅವು ಅಡ್ರಿನಲಿನ್, ಕಾರ್ಟಿಸಾಲ್ ಬಡಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತಕ್ಕೆ ಸಕ್ಕರೆ ಸೇರುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಹುಲಿ ಹೋದ ಮೇಲೆ ಎಲೆ ಎತ್ತಬೇಕು. ನಮ್ಮ ಭಾವನ ಮನೆಯಲ್ಲಿ ಎಲೆ ಎತ್ತುವುದೇ ಇಲ್ಲ, ಪಂಕ್ತಿಯ ಮೇಲೆ ಪಂಕ್ತಿ. ಒಂದು ದಿನ ಬಡಿಸದಿದ್ದರೆ ಹಸಿವು.

ಅವರೊಬ್ಬರನ್ನೇ ಬೈದು ಫಲವಿಲ್ಲ. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಯೋಗವಿದೆ. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಕೂರಬೇಕು. ಬೇಕಾದರೆ ಗುಂಡಿ ಒತ್ತಿ ತನಗೆ ತಾನೇ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದು. 18 ಗಂಡಸರಲ್ಲಿ 12 ಜನ ಗುಂಡಿ ಒತ್ತಿದರು! 24 ಹೆಂಗಸರಲ್ಲಿ ಒತ್ತಿದವರು 6 ಜನ. ಮಹಾನುಭಾವನೊಬ್ಬ 190 ಸಲ ಒತ್ತಿದನಂತೆ. ಅವನು ನಮ್ಮ ಕಡೆ ಸಂಬಂಧಿಯೇ ಇರಬೇಕು. ಅಂದಹಾಗೆ, ಸಂಪಾದಕರು ಈ ಲೇಖನ ಕೇಳಿ ಒಂದು ತಿಂಗಳಾಯಿತು. ನಾಳೆ ಬೆಳಿಗ್ಗೆ ಕೊಡಬೇಕು, ಈಗ ರಾತ್ರಿ ಹನ್ನೊಂದೂಮುಕ್ಕಾಲು. ಎದೆ ಢವಢವ ಎನ್ನದೆ ನನಗೆ ಒಂದು ಸಾಲೂ ಹುಟ್ಟುವುದಿಲ್ಲ.

ಭಾವ ಮೊದಲಿಂದ ಹೀಗಿದ್ದರೇ ಎಂದು ಒಮ್ಮೆ ಅಕ್ಕನನ್ನು ಕೇಳಿದ್ದೆ. ಅವರು ಮೂವತ್ತು ವರ್ಷ ತಂತಿ ಆಫೀಸಿನಲ್ಲಿದ್ದವರು. ರಾತ್ರಿ ಎರಡಕ್ಕೆ ಯಂತ್ರ ಕಟಕಟ ಅಂದರೆ ಬಹುಪಾಲು ಯಾರದೋ ಮನೆಯಲ್ಲಿ ಸಾವು. ಆ ಮನೆಯವರು ಇನ್ನೂ ಗಾಢ ನಿದ್ದೆಯಲ್ಲಿರುವಾಗ, ಸುದ್ದಿ ಇಡೀ ಊರಿನಲ್ಲಿ ಇವರೊಬ್ಬರಿಗೇ ಗೊತ್ತು. ಬರೆದುಕೊಂಡು, ಮಡಚಿ, ಆಳು ಸೈಕಲ್ ಹತ್ತುವವರೆಗೆ ಕಾಯಬೇಕು. 2013ರ ಜುಲೈನಲ್ಲಿ ದೇಶದ ತಂತಿಸೇವೆಯೇ ನಿಂತಿತು. ಭಾವನ ಒಳಗಿನ ಯಂತ್ರಕ್ಕೆ ಆ ಆರ್ಡರ್ ತಲುಪಿಲ್ಲ.

ಬಿ.ಪಿ. ಏರಿದಾಗ ಡಾಕ್ಟರು ದಿನಾ ಹತ್ತು ನಿಮಿಷ ಕೂತು ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ, ಎದೆ ಬಡಿತ ಇಳಿಯುತ್ತದೆ ಎಂದರು. ಭಾವ ಎದುರಿಗೆ ಗಡಿಯಾರ ಇಟ್ಟುಕೊಂಡು, ಒಂದು ಕಣ್ಣು ತೆರೆದು ಉಸಿರು ಬಿಟ್ಟರು. "ನಾಲ್ಕೇ ನಿಮಿಷ ಆಗಿದೆ ಕಣೇ, ಸರಿಯಾಗಿ ಬಿಡ್ತಿದೀನಾ?"

ಕೊನೆಗೆ ಅಕ್ಕ ಒಂದು ಹಳೆಯ ಡೈರಿ ಕೈಗಿತ್ತಳು. "ರೀ, ಟೆನ್ಷನ್ ಏನೇ ಬಂದ್ರೂ ಇದರಲ್ಲಿ ಬರೆದಿಡಿ. ಸಂಜೆ ಆರರಿಂದ ಆರೂಕಾಲರವರೆಗೆ ಕೂತು ಮಾಡೋಣ, ಅದಕ್ಕೆ ಮುಂಚೆ ನಾನು ಕೇಳಲ್ಲ." ಬೆಳಿಗ್ಗೆಯ ಆತಂಕಗಳು ಸಂಜೆಗೆ ಆರಿದ ಇಡ್ಲಿಯಂತಾಗಿರುತ್ತಿದ್ದವು, ಅವರಿಗೇ ತಿನ್ನಲು ಮನಸ್ಸಿಲ್ಲ. ಮೊದಲ ವಾರ ದಿನಕ್ಕೆ ಎರಡು ಪುಟ ತುಂಬುತ್ತಿತ್ತು, ಬರಬರುತ್ತಾ ನಾಲ್ಕು ಸಾಲಿಗೆ ಇಳಿಯಿತು.

ಹೋದ ತಿಂಗಳು ಎಂಟು ದಿನ ಭಾವನಿಂದ ಒಂದು ಫೋನೂ ಬರಲಿಲ್ಲ. ಮಗ ಹೆಲ್ಮೆಟ್ ಹಾಕುತ್ತಾನಾ, ನಿನ್ನ ಕೆಮ್ಮು ಹೋಯಿತಾ, ಏನೂ ಕೇಳಲಿಲ್ಲ. ರಾತ್ರಿ ಒಂಬತ್ತೂವರೆಗೆ ನಾನೇ ಅಕ್ಕನಿಗೆ ಫೋನ್ ಮಾಡಿದೆ.

"ಮಲಗಿದಾರೆ ಕಣೋ. ಏನೂ ಇಲ್ಲ, ಚೆನ್ನಾಗಿದಾರೆ."

ಒಂಬತ್ತೂವರೆಗೇ? ನನಗೆ ನಿದ್ದೆ ಹತ್ತಲಿಲ್ಲ. ಎರಡು ಗಂಟೆಗೆ ಎದ್ದು ಹೋಗಿ ಮೋಟರ್ ಸ್ವಿಚ್ ನೋಡಿ ಬಂದೆ.