ಬುಟ್ಟಿ ಡಾಕ್ಟರು

ಅವರು ನಿವೃತ್ತ ಮೇಷ್ಟ್ರಿರಬಹುದು, ಹಾಲಿನ ಸೊಸೈಟಿ ಸೆಕ್ರೆಟರಿಯಿರಬಹುದು, ಪಹಣಿ ಬರೆದು ಬರೆದು ಬೆರಳು ಸವೆಸಿದ ಗ್ರಾಮಲೆಕ್ಕಿಗರೂ ಇರಬಹುದು. ಮಂಡ್ಯ, ಹಾಸನ, ತುಮಕೂರಿನ ಕಡೆ ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಬಿಟ್ಟುಕೊಂಡಿರುವ ಇಂಥವರು ಬೀದಿಗೊಬ್ಬರಂತೆ ಸಿಗುತ್ತಾರೆ. ಹೆಂಡತಿ ಮಂಡಿನೋವು ಎಂದರೆ "ಸ್ವಲ್ಪ ಓಡಾಡು, ಸರಿಹೋಗುತ್ತೆ" ಎನ್ನುತ್ತಾರೆ. ಮಗ ಜ್ವರವೆಂದು ಮಲಗಿದರೆ ಕೆಲಸಕ್ಕೆ ಚಕ್ಕರ್ ಹೊಡೆಯುವ ನೆಪ ಎನ್ನುತ್ತಾರೆ. ಆದರೆ ವಾರ ತುಂಬದ ಕೋಳಿಮರಿಯೊಂದು ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು, ಮೂಲೆಯಲ್ಲಿ ನಿಂತು ತೂಕಡಿಸಿತೋ, ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತೆಂದೇ ಲೆಕ್ಕ.

ಅಟ್ಟದಿಂದ ಬಿದಿರುಬುಟ್ಟಿ ಇಳಿಯುತ್ತದೆ. ಪೇಪರ್ ಹಾಸಿದರೆ ಮರಿಯ ಕಾಲು ಜಾರಿ ಸೊಟ್ಟಗಾಗುತ್ತದಾದ್ದರಿಂದ ಸೊಸೆಯ ಹೊಸ ಟರ್ಕಿ ಟವಲ್ಲು ಬುಟ್ಟಿ ಸೇರುತ್ತದೆ. ಆಮೇಲೆ ಬೀರುವಿನ ಒಳಖಾನೆಯಿಂದ, ಒಡವೆ ಡಬ್ಬಿಯ ಪಕ್ಕದಲ್ಲಿ ಜೋಪಾನವಾಗಿಟ್ಟಿದ್ದ ಹಳೇ ಬುರುಡೆ ಬಲ್ಬು ಹೊರಬರುತ್ತದೆ. ಎಲ್‌ಇಡಿಯಲ್ಲಿ ಬೆಳಕಿದೆ, ಮರಿಗೆ ಸಾಲುವಷ್ಟು ಬಿಸಿಯಿಲ್ಲ. ಅದಕ್ಕೇ ಮನೆಗೆಲ್ಲ ಎಲ್‌ಇಡಿ ಬಂದ ದಿನ ಅವರು ಎರಡು ಅರವತ್ತು ವ್ಯಾಟಿನ ಬಲ್ಬುಗಳನ್ನು ಬಚ್ಚಿಟ್ಟಿದ್ದರು. ಟೀವಿಯ ಪ್ಲಗ್ ಕಿತ್ತು ಅಲ್ಲಿಗೆ ಬಲ್ಬಿನ ವೈರು ಸಿಕ್ಕಿಸುತ್ತಾರೆ.

"ರೀ, ನನ್ನ ಸೀರಿಯಲ್ಲು!"

"ಇಲ್ಲೊಂದು ಜೀವ ಒದ್ದಾಡ್ತಿದೆ ಕಣೇ, ನಿನಗೆ ಸೀರಿಯಲ್ಲು!"

"ಅಲ್ಲೂ ಒಬ್ಬಳು ಆರು ತಿಂಗಳಿಂದ ಐಸಿಯುನಲ್ಲಿ ಮಲಗಿದಾಳೆ. ಅವಳನ್ನು ಯಾರು ನೋಡ್ಕೋಬೇಕು?"

ಅವರ ಕಿವಿ ಅಲ್ಲಿರುವುದಿಲ್ಲ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆಮೇಲೆ ವಾರ ವಾರ ಎರಡು ಮೂರು ಡಿಗ್ರಿ ಇಳಿಸಬೇಕು ಎಂಬುದು ಅವರಿಗೆ ಬಾಯಿಪಾಠ. ಮೊಮ್ಮಗಳ ಹುಟ್ಟುಹಬ್ಬದ ತಾರೀಕು ಮಾತ್ರ ಪ್ರತಿ ವರ್ಷ ಕೇಳಿ ತಿಳಿದುಕೊಳ್ಳುತ್ತಾರೆ.

ಮರಿಯ ಹಿಂಭಾಗದಲ್ಲಿ ಹಿಕ್ಕೆ ಒಣಗಿ ಅಂಟಿಕೊಂಡು ದಾರಿ ಮುಚ್ಚಿರುವುದುಂಟು. ಆಗ ನೋಡಬೇಕು ಅವರನ್ನು. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಹತ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ, ಒತ್ತಿ, ನೆನೆಸಿ, ಮತ್ತೆ ಒತ್ತಿ, ಒಂದು ಪುಕ್ಕವೂ ಕಿತ್ತುಬಾರದಂತೆ ಒರೆಸುತ್ತಾರೆ. ಎಳೆದರೆ ಚರ್ಮ ಕಿತ್ತುಹೋಗುತ್ತದಂತೆ. ಸ್ವಂತ ಮಕ್ಕಳಿಗೆ ಒಮ್ಮೆಯೂ ಕುಂಡೆ ತೊಳೆಯದ ಮನುಷ್ಯ! ಬಾಗಿಲಲ್ಲಿ ನಿಂತು ನೋಡುವ ಹೆಂಡತಿಗೆ ನಗಬೇಕೋ ಹಳೇ ಲೆಕ್ಕ ತೆಗೆಯಬೇಕೋ ತಿಳಿಯದು.

ಬೆಲ್ಲದ ನೀರು ಕುಡಿಸುವುದಕ್ಕೂ ಶಾಸ್ತ್ರವಿದೆ. ಬಾಯಿಗೆ ಸುರಿದರೆ ಶ್ವಾಸಕ್ಕೆ ಹೋಗುತ್ತದೆ; ಕೊಕ್ಕಿನ ತುದಿಯನ್ನಷ್ಟೇ ಅದ್ದಬೇಕು, ಕತ್ತೆತ್ತಿ ನುಂಗುವ ಕೆಲಸ ಮರಿಯದು. ಪಕ್ಕದಲ್ಲೊಂದು ನೋಟ್‌ಬುಕ್ ಇರುತ್ತದೆ. "ಬೆಳಿಗ್ಗೆ 6: ಹಿಕ್ಕೆ ಬಿಳಿ, ನೀರು. 8: ತುಸು ಗಟ್ಟಿ. ರಕ್ತ ಇಲ್ಲ, ದೇವರ ದಯೆ." ಈ ವರದಿಯನ್ನು ಅವರು ಓದಿ ಹೇಳುವುದು ಎಲ್ಲರೂ ತಟ್ಟೆಯ ಮುಂದೆ ಕೂತಾಗ.

ಹೊರರೋಗಿಗಳೂ ಬರುತ್ತಾರೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಮಕ್ಕಳು ಅಂಗೈಯಲ್ಲಿ ಹಿಡಿದು ತರುತ್ತವೆ. ಅವು ಹೆಚ್ಚಾಗಿ ಮೊಟ್ಟೆಕೋಳಿ ತಳಿಯ ಗಂಡುಮರಿಗಳು. ಮೊಟ್ಟೆಯಿಡುವುದಿಲ್ಲವೆಂದು ಹ್ಯಾಚರಿಯವರು ಅಗ್ಗಕ್ಕೆ ಸಾಗಹಾಕಿದಂಥವು. ಬುಟ್ಟಿ ಡಾಕ್ಟರು ಬಣ್ಣಕ್ಕೆ ಮೂಗು ಮುರಿಯುತ್ತಾರೆ, ಬುಟ್ಟಿಯಲ್ಲಿ ಜಾಗ ಕೊಡುತ್ತಾರೆ.

ಒಂದು ಸಂಜೆ ಮನೆಯ ಥರ್ಮಾಮೀಟರನ್ನು ಮರಿಯ ರೆಕ್ಕೆಸಂದಿಗೆ ಇಟ್ಟು ನೋಡುತ್ತಾರೆ. 105 ಡಿಗ್ರಿ ಫ್ಯಾರನ್‌ಹೀಟ್! ಬೆಳಗಾಗುವುದನ್ನೇ ಕಾದು ಸರ್ಕಾರಿ ಪಶು ಆಸ್ಪತ್ರೆಗೆ ಓಡುತ್ತಾರೆ. ಸಾಲಿನಲ್ಲಿ ಮುಂದೆ ಹಳ್ಳಿಕಾರ್ ಎತ್ತು, ಹಿಂದೆ ಗಬ್ಬದ ಎಮ್ಮೆ, ನಡುವೆ ಬರಿಗೈಯಲ್ಲಿ ಇವರು.

"ನಿಮ್ಮ ದನ ಎಲ್ಲಿ ಯಜಮಾನ್ರೇ?"

"ಜೇಬಲ್ಲಿದೆ ಸಾರ್."

ಡಾಕ್ಟರು ನಗು ನುಂಗಿಕೊಂಡು ಮರಿಯನ್ನು ನೋಡುತ್ತಾರೆ. ಕೋಳಿ ಜಾತಿಗೆ 105, 106 ಮಾಮೂಲಿ ಮೈಬಿಸಿ, ಇದಕ್ಕೆ ಥಂಡಿ ಹಿಡಿದಿದೆ ಅಷ್ಟೆ, ಈಗಿನಂತೆಯೇ ಬೆಚ್ಚಗಿಡಿ ಎನ್ನುತ್ತಾರೆ. ಕೊನೆಗೊಂದು ಪ್ರಶ್ನೆ: "ಮಿಕ್ಕ ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೀರಾ?"

ಅಲ್ಲಿಂದ ಎರಡನೇ ಅಂಕ. ರಾಣಿಖೇತ್ ಎಂದೂ ಕರೆಯುವ ಆ ರೋಗ ಒಂದು ಹಿತ್ತಲಿಗೆ ಹೊಕ್ಕರೆ ಬೀದಿಯನ್ನೇ ಗುಡಿಸಿಹಾಕುತ್ತದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಟ್ಟರೆ ಮೊದಲ ಸುತ್ತು ಮುಗಿಯಿತು. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರಾರು ಮರಿಗಾಗುತ್ತದೆ, ಕಲಸಿದ ಮೇಲೆ ಐಸಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಖರ್ಚು ಮಾಡಬೇಕು. ಇವರ ಮನೆಯಲ್ಲಿರುವ ಗಟ್ಟಿಮುಟ್ಟಾದ ಮರಿಗಳು ಡಜನ್ನಿಗೂ ಕಡಿಮೆ. ಮಿಕ್ಕಿದ್ದನ್ನು ಚೆಲ್ಲುವುದೇ? ಟೀ ಫ್ಲಾಸ್ಕಿಗೆ ಐಸು ತುಂಬಿ, ಸೀಸೆ ಇಳಿಸಿ, ಪಂಚೆ ಎತ್ತಿ ಕಟ್ಟಿ ಬೀದಿಗಿಳಿಯುತ್ತಾರೆ. "ಮರಿ ಹಿಡ್ಕೊಂಡು ಬನ್ರೀ, ಹನಿ ಹಾಕ್ತೀನಿ!"

ಪಕ್ಕದ ಮನೆಯ ನಿಂಗಮ್ಮನಿಗೂ ಇವರಿಗೂ ಮೋರಿ ನೀರಿನ ತಕರಾರು. ಮಾತು ಬಿಟ್ಟು ವರ್ಷಗಳಾಗಿವೆ, ಸರ್ವೆಯವರೂ ಬಂದು ಸುಸ್ತಾಗಿ ಹೋಗಿದ್ದಾರೆ. ಅವತ್ತು ಕಾಂಪೌಂಡಿನಾಚೆ ಚಿಂವ್‌ಗುಟ್ಟುವ ಸದ್ದು ಕೇಳಿದ್ದೇ, ವಾಚು ನೋಡಿಕೊಂಡು, ಗೋಡೆ ಹತ್ತಿ ಆಚೆಗೆ ಧುಮುಕುತ್ತಾರೆ. ಆಯಮ್ಮ ಪೊರಕೆ ಎತ್ತಿದವರು, ಫ್ಲಾಸ್ಕ್ ಕಂಡು ಪೊರಕೆ ಇಳಿಸಿ ಮರಿ ಹಿಡಿದುಕೊಡುತ್ತಾರೆ. ಮೋರಿಯ ವಿಷಯ ಯಾರೂ ಎತ್ತುವುದಿಲ್ಲ. ಹನಿಗೆ ಟೈಮಾಗಿರುತ್ತದೆ.

ಥಂಡಿ ಬಿಟ್ಟ ಮರಿ ತಿಂಗಳುರುಳಿದಂತೆ ಹುಂಜವಾಗಿ ನಸುಕಿಗೇ ಬೀದಿ ಎಬ್ಬಿಸುತ್ತದೆ. ಬೀಗರು ಬರುತ್ತಾರೆ. ನಾಟಿ ಕೋಳಿ ಸಾರು, ಮುದ್ದೆ ಎಂಬ ಮಾತು ಏಳುತ್ತದೆ. ತಮ್ಮ ಕೈಯಲ್ಲಿ ಗುಣವಾದ ರೋಗಿಯನ್ನು ಕುಯ್ಯಲು ಬುಟ್ಟಿ ಡಾಕ್ಟರಿಗೆ ಮನಸ್ಸು ಒಪ್ಪದು. ಬೀಗರಿಗೆ ಬೇಳೆಸಾರು ಬಡಿಸಲು ಮಾನ ಒಪ್ಪದು. ಕೊನೆಗೆ ಗೋಡೆಯ ಮೇಲಿಂದಲೇ ಒಪ್ಪಂದವಾಗುತ್ತದೆ. ಇವರ ಹುಂಜ ಆಚೆಗೆ, ನಿಂಗಮ್ಮನ ಹುಂಜ ಈಚೆಗೆ. ಯಾರ ಆತ್ಮಸಾಕ್ಷಿಗೂ ಧಕ್ಕೆಯಿಲ್ಲ.

ಮರುದಿನ ಗೋಡೆಯಾಚೆಯಿಂದ ನಿಂಗಮ್ಮ ಕೂಗಿ ಹೇಳುತ್ತಾರೆ: "ಬೆಲ್ಲದ ನೀರು ಒಸಿ ಜಾಸ್ತಿ ಕುಡಿಸಿದ್ರಿ ಅಂತ ಕಾಣುತ್ತೆ ಯಜಮಾನ್ರೇ, ಸಾರು ಸೀ ಬಂದಿತ್ತು!"