ಬಿಳಲುರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಬಿಳಲುರಾಯರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಹವಾಯಿ ಚಪ್ಪಲಿ, ಜೇಬಿನಲ್ಲಿ ಪುಟ್ಟ ಕತ್ತರಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಜನವರಿಯದನ್ನೂ ತಪ್ಪಿಸುವುದಿಲ್ಲ, ಆಗಸ್ಟಿನದನ್ನೂ ತಪ್ಪಿಸುವುದಿಲ್ಲ. ಕಾಫಿಗೆ ಕರೆದರೆ ಸೋಫಾ ದಾಟಿ ನೇರ ಬಾಲ್ಕನಿಗೆ ನಡೆಯುತ್ತಾರೆ. ಕ್ಷೇಮಸಮಾಚಾರ ಮೊದಲು ಗಿಡದ್ದು, ಪುರಸೊತ್ತಾದರೆ ಆಮೇಲೆ ನಿಮ್ಮದು.

ಅವರಿಗೆ ಕೆಲಸಕ್ಕೇನೂ ಬರವಿಲ್ಲ. ಈಗ ಮನೆಗೊಂದು ಮಾನ್‌ಸ್ಟೆರಾ. ಅದರ ಕಾಂಡದಿಂದ ಕಂದು ಬೇರೊಂದು ಇಳಿದು ಮಾರ್ಬಲ್ ನೆಲದ ಮೇಲೆ ಮೊಳದುದ್ದ ಹರಿದ ದಿನ, ಮನೆಯಾಕೆ ಹೌಹಾರಿ ಚಾಕು ತರುತ್ತಾರೆ. ರಾಯರಿಗೆ ಅದು ಹೇಗೋ ವಾಸನೆ ಬಡಿಯುತ್ತದೆ.

“ಅಯ್ಯೋ ತಾಯಿ, ಸ್ವಲ್ಪ ತಡೀರಿ! ಅದು ರೋಗ ಅಲ್ಲ, ಬಿಳಲು. ದಕ್ಷಿಣ ಮೆಕ್ಸಿಕೋ ಕಾಡಲ್ಲಿ ದೊಡ್ಡ ಮರ ಹಿಡಿದು ಹತ್ತೋ ಬಳ್ಳಿ ಇದು. ನಿಮ್ಮನೇಲಿ ಮರ ಎಲ್ಲಿದೆ ಅಂತ ಹುಡುಕ್ತಾ ಇದೆ, ಪಾಪ.”

“ಟೀವಿ ಸ್ಟ್ಯಾಂಡ್ ಇದೆಯಲ್ಲ ಸಾರ್,” ಎಂದರೆ ಅವರಿಗೆ ನಗು ಬರುವುದಿಲ್ಲ.

ಚಿಕಿತ್ಸೆ ಅಲ್ಲೇ ಶುರು. ತೆಂಗಿನ ನಾರು ಸುತ್ತಿದ ಕಂಬವನ್ನು ಕುಂಡದಲ್ಲಿ ನೆಡಬೇಕು. ಹಳೇ ಬನಿಯನ್ನಿನ ಪಟ್ಟಿಯಿಂದ ಕಾಂಡವನ್ನು ಸಡಿಲವಾಗಿ ಕಟ್ಟಬೇಕು. ಎಲೆಯ ತೊಟ್ಟಿಗೆ ಕಟ್ಟಿದವರಿಗೆ ಮಂಗಳಾರತಿ ಖಚಿತ. ನಾರು ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಬೇರು ಕಂಬವನ್ನು ಕಚ್ಚಿಕೊಳ್ಳುತ್ತದೆ. ತೀರಾ ಉದ್ದವಾದದ್ದನ್ನು ಮೆಲ್ಲನೆ ಬಾಗಿಸಿ ಕುಂಡದ ಮಣ್ಣಿಗೆ ಇಳಿಸಿದರೆ ಅದೂ ನೀರು ಹೀರುತ್ತದೆ. ಮನಿಪ್ಲಾಂಟ್ ಇಟ್ಟವರಿಗೂ ಇದೇ ಉಪದೇಶ: ಫ್ರಿಜ್ಜಿನ ಮೇಲಿಂದ ಜೋತುಬಿದ್ದರೆ ಅಂಗೈಯಗಲದ ಎಲೆ, ತೆಂಗಿನ ಮರಕ್ಕೆ ಹಬ್ಬಿಸಿದರೆ ಮೊರದಗಲ.

ಆರ್ಕಿಡ್ ಇರುವ ಮನೆಯಲ್ಲಿ ಬೇರೆಯೇ ಪಾಠ. ಕುಂಡದಾಚೆ ಚಾಚಿದ ಬೆಳ್ಳಿ ಬಣ್ಣದ ಬೇರನ್ನು ಯಾರಾದರೂ ಮಣ್ಣಿಗೆ ತುರುಕಿದ್ದರೆ ರಾಯರ ಬಿ.ಪಿ. ಏರುತ್ತದೆ. “ಮಲೆನಾಡಲ್ಲಿ ಸೀತಾಳೆ ದಂಡೆ ಮರದ ಕೊಂಬೆ ಮೇಲೆ ಕೂತ್ಕೊಂಡೇ ಹೂ ಬಿಡತ್ತೆ. ಅದಕ್ಕೆ ಯಾರ್ರೀ ಮಣ್ಣು ಹಾಕ್ತಾರೆ? ಕೊಳೆತು ಹೋಗತ್ತೆ!” ಆ ಬೇರಿನ ಹೊರಪದರ ಒಣಗಿದಾಗ ಬೆಳ್ಳಗಿದ್ದು, ನೀರು ಕುಡಿದೊಡನೆ ಹಸಿರಾಗುತ್ತದೆ. ಇದನ್ನು ತೋರಿಸಲು ಅವರು ತಮಗೆ ಕೊಟ್ಟ ನೀರಿನ ಲೋಟವನ್ನೇ ಬಗ್ಗಿಸುತ್ತಾರೆ.

ಅವರ ಮನೆಯವರ ದೂರು ಬೇರೆ: “ಗೋಡೆಗೊಂದು ಮೊಳೆ ಹೊಡೀರಿ ಅಂದ್ರೆ ಸೊಂಟ ನೋವು. ಪಕ್ಕದ ಮನೆ ಗಿಡಕ್ಕೆ ಕಂಬ ನೆಡೋಕೆ ರಾತ್ರಿ ಹನ್ನೊಂದಾದರೂ ಸೈ.”

ಇಷ್ಟೆಲ್ಲ ಅಹಿಂಸೆ ಬೋಧಿಸುವವರ ಜೇಬಿನಲ್ಲಿ ಕತ್ತರಿ ಯಾಕೆ ಅಂದಿರಾ? ಹೊರಡುವ ಮುನ್ನ ದನಿ ಇಳಿಸಿ, “ತುಂಬಾ ಒತ್ತಾಗಿದೆ, ಒಂಚೂರು ಹಗುರ ಮಾಡ್ತೀನಿ,” ಎನ್ನುತ್ತಾರೆ. ಗೆಣ್ಣು, ಬಿಳಲು, ಎಲೆ ಮೂರೂ ಇರುವ ತುಂಡೊಂದು ಪೇಪರಿನಲ್ಲಿ ಸುತ್ತಿಕೊಂಡು ಮಾಯವಾಗುತ್ತದೆ. ಗೆಣ್ಣೂ ಬಿಳಲೂ ಇದ್ದರೆ ಬರೀ ನೀರಿನಲ್ಲಿಟ್ಟರೂ ಚಿಗುರುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರ ಬಾಲ್ಕನಿಯಲ್ಲಿರುವುದೆಲ್ಲ ನಮ್ಮ ನಿಮ್ಮ ಮನೆಯ ಗಿಡಗಳೇ. ಅಲ್ಲಿ ಅವು ನಮ್ಮಲ್ಲಿಗಿಂತ ಸೊಂಪಾಗಿವೆ ಎಂಬುದನ್ನೂ ಒಪ್ಪಲೇಬೇಕು.

ಆದ್ದರಿಂದ ಓದುಗರೇ, ಬಿಳಲು ಕಂಡರೆ ಚಾಕು ಎತ್ತಬೇಡಿ, ಕಂಬ ನೆಡಿ. ರಾಯರು ಬಂದರೆ ಕಾಫಿ ಕೊಡಿ, ಹೇಳಿದ್ದನ್ನು ಕೇಳಿ. ಬಾಲ್ಕನಿಗೆ ಮಾತ್ರ ಅವರನ್ನು ಒಬ್ಬರನ್ನೇ ಬಿಡಬೇಡಿ.